ಗುಡ್ಡ ಮಾರಿದವರು ದೇಶಭಕ್ತರು, ದೀಪದ ಸರ ಮಾರಿದವನು ದ್ರೋಹಿಯೆ?

ದೀಪಾವಳಿ ಹತ್ತಿರ ಬಂದಿತೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಒಂದು ಕೂಗು ಏಳುತ್ತದೆ: ಚೀನದ ಮಾಲು ಕೊಳ್ಳಬೇಡಿರಿ, ಚೀನದ ಮಾಲು ಮಾರಬೇಡಿರಿ! ದುರ್ಗದಬೈಲಿನಲ್ಲಿ ತಳ್ಳುಗಾಡಿಯ ಮೇಲೆ ಬಣ್ಣದ ದೀಪದ ಸರ, ಮಕ್ಕಳ ಆಟಿಗೆ ಸಾಮಾನು ಹರಡಿಕೊಂಡು ನಿಂತ ಬಡ ವ್ಯಾಪಾರಿಗೆ ದೇಶಭಕ್ತಿಯ ಪಾಠ ಹೇಳುವವರು ಹುಟ್ಟಿಕೊಳ್ಳುತ್ತಾರೆ. ನೂರು ರೂಪಾಯಿಯ ಮಾಲಿನ ಮೇಲೆ ಹತ್ತು-ಹದಿನೈದು ರೂಪಾಯಿ ಉಳಿಸಿ ಸಂಜೆಗೆ ಹಿಟ್ಟು-ಬೇಳೆ ಒಯ್ಯುವವನು ಇವರ ಕಣ್ಣಿಗೆ ವೈರಿಯ ದಲಾಲನಾಗಿ ಕಾಣುತ್ತಾನೆ. ಅಗ್ಗದ ಸರ ಕೊಂಡ ಗಿರಣಿ ಕಾಮಗಾರನ ಹೆಂಡತಿಯೂ ದೇಶದ್ರೋಹದಲ್ಲಿ ಪಾಲುದಾರಳಾಗುತ್ತಾಳೆ!

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ. ಚೀನದ ಮಾಲನ್ನು ಈ ದೇಶಕ್ಕೆ ತಂದವನು ತಳ್ಳುಗಾಡಿಯವನೇನು? ಅವನ ಹತ್ತಿರ ಆಮದಿನ ಪರವಾನಿಗೆ ಇದೆಯೆ? ಬಂದರಿನಲ್ಲಿ ಜಕಾತಿ ಎಷ್ಟಿರಬೇಕೆಂದು ಠರಾಯಿಸಿದವನು ಅವನೆ? ಮುಂಬಯಿಯ ಅಥವಾ ಬೆಂಗಳೂರಿನ ಸಗಟು ವ್ಯಾಪಾರಿ ಉದ್ರಿ ಕೊಟ್ಟದ್ದನ್ನು ತಂದು ಮಾರುವವನು ಅವನು. ಬೇರೆ ಮಾಲು ಅದೇ ಬೆಲೆಗೆ ಸಿಕ್ಕರೆ ಬೇರೆಯದನ್ನು ಮಾರುತ್ತಾನೆ.

ಈ ಉಪದೇಶಕರಿಗೆ ನಾವು ಒಂದು ಪ್ರಶ್ನೆ ಹಾಕುತ್ತೇವೆ. ಚೀನಕ್ಕೆ ನಾವು ಏನನ್ನು ಮಾರಿದೆವು, ಯಾರು ಮಾರಿದರು, ಯಾವ ಬೆಲೆಗೆ ಮಾರಿದರು? ಕೊಂಡ ಲೆಕ್ಕವನ್ನು ಕೇಳುವವರು ಮಾರಿದ ಲೆಕ್ಕವನ್ನೂ ಕೇಳಬೇಕಲ್ಲವೆ? ಆ ಲೆಕ್ಕ ಹುಬ್ಬಳ್ಳಿಯವರಿಗೆ ಹೊಸದಲ್ಲ. ಅದು ನಮ್ಮೂರಿನ ಹಾದಿಯ ಮೇಲೆಯೇ, ನಮ್ಮ ಕಣ್ಣಿಗೆ ಧೂಳು ತೂರುತ್ತ ಹೋಗಿದೆ.

ಚೀನದ ಸರಕಾರಕ್ಕೆ ನಾವು ವಕೀಲರಲ್ಲ

ಮೊದಲು ಒಂದು ಮಾತು ಸ್ಪಷ್ಟವಿರಲಿ. ಚೀನದ ಅರಸೊತ್ತಿಗೆಯ ಪರವಾಗಿ ನಾವು ವಕೀಲಿ ಮಾಡುತ್ತಿಲ್ಲ. 1950ರಲ್ಲಿ ಅದರ ಸೇನೆ ತಿಬೇಟಕ್ಕೆ ನುಗ್ಗಿದಾಗ ಅದನ್ನು ಖಂಡಿಸಿದವರಲ್ಲಿ ಡಾ. ರಾಮಮನೋಹರ ಲೋಹಿಯಾ ಮೊದಲಿಗರು. ಆಗ ದಿಲ್ಲಿಯ ದೊರೆಗಳು ಏನು ಮಾಡಿದರು? 1954ರ ಏಪ್ರಿಲ್ 29ರಂದು ಚೀನದೊಡನೆ ಒಪ್ಪಂದಕ್ಕೆ ರುಜು ಹಾಕಿದರು. ಪಂಚಶೀಲವೆಂದು ನಾವೆಲ್ಲ ಶಾಲೆಯಲ್ಲಿ ಓದಿದ ಆ ಒಪ್ಪಂದದ ನಿಜವಾದ ಹೆಸರು, ಭಾರತ ಮತ್ತು ಚೀನದ ತಿಬೇಟ ಪ್ರದೇಶಗಳ ನಡುವಿನ ವ್ಯಾಪಾರ ಹಾಗೂ ಸಂಚಾರದ ಒಪ್ಪಂದ. ಒಂದು ನಾಡಿನ ಸ್ವಾತಂತ್ರ್ಯ ವ್ಯಾಪಾರದ ಕಾಗದದಲ್ಲಿ ಕರಗಿತು. 1959ರಲ್ಲಿ ದಲಾಯಿ ಲಾಮಾ ಓಡಿಬಂದರು, 1962ರಲ್ಲಿ ಯುದ್ಧವಾಯಿತು, ಅದೇ ವರುಷ ಆ ಒಪ್ಪಂದದ ಅವಧಿಯೂ ಮುಗಿದಿತ್ತು.

ಇದರ ಫಲ ಕಾಣಲು ಹಿಮಾಲಯಕ್ಕೆ ಹೋಗಬೇಕಾಗಿಲ್ಲ. ಹುಬ್ಬಳ್ಳಿಯಿಂದ ಬಸ್ಸು ಹಿಡಿದರೆ ಒಂದು-ಒಂದೂವರೆ ತಾಸಿನಲ್ಲಿ ಮುಂಡಗೋಡ ಸಿಗುತ್ತದೆ. 1966ರಿಂದ ಅಲ್ಲಿ ತಿಬೇಟಿ ನಿರಾಶ್ರಿತರ ವಸತಿಯಿದೆ. ಚಳಿಗಾಲದಲ್ಲಿ ನಮ್ಮ ಪೇಟೆಗೆ ಬಂದು ಸ್ವೆಟರ್ ಮಾರುವ ಆ ಹೆಣ್ಣುಮಕ್ಕಳು ದೊಡ್ಡವರ ವ್ಯಾಪಾರದಲ್ಲಿ ದೇಶ ಕಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳು. ಚೀನದ ಆಡಳಿತ ಕಾಮಗಾರರದೆಂದು ಹೇಳಿಕೊಳ್ಳುತ್ತದೆ. ಆದರೆ ಅಲ್ಲಿಯ ಕಾಮಗಾರ ಸರಕಾರಿ ಸಂಘವನ್ನು ಬಿಟ್ಟು ತನ್ನದೇ ಆದ ಸಂಘ ಕಟ್ಟುವಂತಿಲ್ಲ. ಅಂಥ ರಾಜ್ಯಕ್ಕೆ ನಮ್ಮ ನಮಸ್ಕಾರವಿಲ್ಲ. ಹಾಗೆಂದು ನಮ್ಮ ಧನಿಕರ ಕಳ್ಳತನವನ್ನು ಚೀನದ ಹೆಸರಿನ ಕೆಳಗೆ ಮುಚ್ಚಿಡಲಿಕ್ಕೂ ನಾವು ಬಿಡುವುದಿಲ್ಲ.

ನಮ್ಮ ಹೆದ್ದಾರಿಯ ಮೇಲೆ ಹೋದದ್ದೇನು?

2000ನೇ ಇಸವಿಯಲ್ಲಿ ಚೀನ ಸುಮಾರು 13 ಕೋಟಿ ಟನ್ ಉಕ್ಕು ಮಾಡುತ್ತಿತ್ತು. 2008ಕ್ಕೆ ಅದು 50 ಕೋಟಿ ಟನ್ ದಾಟಿತು. ಆ ವರುಷ ಬೀಜಿಂಗದಲ್ಲಿ ಒಲಿಂಪಿಕ್ ಆಟಗಳು. ಊರಿಗೆ ಊರೇ ಹೊಸದಾಗಿ ಕಟ್ಟುವ ಭರಾಟೆ. ಅಷ್ಟು ಉಕ್ಕಿಗೆ ಅದಿರು ಎಲ್ಲಿಂದ ಬರಬೇಕು? ಆಸ್ಟ್ರೇಲಿಯಾದಿಂದ ಬಂತು, ಬ್ರಾಝಿಲಿನಿಂದ ಬಂತು, ಗೋವೆಯಿಂದ ಬಂತು. ನಮ್ಮ ಸಂಡೂರು, ಹೊಸಪೇಟೆ, ಬಳ್ಳಾರಿಯ ಗುಡ್ಡಗಳಿಂದಲೂ ಬಂತು. ಆ ವರುಷಗಳಲ್ಲಿ ಭಾರತ ಚೀನಕ್ಕೆ ಮಾರಿದ ಒಟ್ಟು ಮಾಲಿನಲ್ಲಿ ಅರ್ಧದ ಆಸುಪಾಸು ಬರೀ ಕಬ್ಬಿಣದ ಅದಿರೇ ಇತ್ತು.

ಅದಿರಿನ ಒಂದು ಹಾದಿ ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲ ಘಟ್ಟ, ಅಂಕೋಲೆ. ಅಲ್ಲಿಂದ ಬೇಲೆಕೇರಿ ಬಂದರು. ಆ ವರುಷಗಳಲ್ಲಿ ಈ ರಸ್ತೆಯಲ್ಲಿ ಓಡಾಡಿದವರು ಮರೆತಿರಲಿಕ್ಕಿಲ್ಲ: ಹಗಲು-ರಾತ್ರಿ ಲಾರಿಯ ಹಿಂದೆ ಲಾರಿ, ಕೆಂಪು ಧೂಳು, ತಗ್ಗು ಬಿದ್ದ ಹೆದ್ದಾರಿ, ದಿನಕ್ಕೊಂದು ಅಪಘಾತದ ಸುದ್ದಿ. ಹಳ್ಳಿಯ ಜೋಳದ ಬೆಳೆಯ ಮೇಲೆ ಕುಳಿತ ಧೂಳನ್ನು ಯಾವ ಮಂತ್ರಿಯೂ ತೊಳೆಯಲು ಬರಲಿಲ್ಲ.

ಇನ್ನು ಬೆಲೆಯ ಮಾತು. ವ್ಯಾಪಾರಿ ಬಂಧುಗಳು ಈ ಲೆಕ್ಕವನ್ನು ತಮ್ಮ ಕೀರ್ದಿಯಲ್ಲಿಯೇ ಬರೆದು ನೋಡಲಿ. 2008ರ ಆರಂಭಕ್ಕೆ ಚೀನದ ಬಂದರಿನಲ್ಲಿ ಒಳ್ಳೆಯ ಅದಿರಿನ ಧಾರಣೆ ಟನ್ನಿಗೆ 150 ಡಾಲರಿಗೂ ಮೇಲೆ ಏರಿತ್ತು. ಆಗ ಡಾಲರಿಗೆ ಸುಮಾರು 40 ರೂಪಾಯಿ. ಅಂದರೆ ಟನ್ನಿಗೆ 6,000 ರೂಪಾಯಿ. ಆ ಗುಡ್ಡದ ನಿಜವಾದ ಒಡೆಯರಾದ ಕನ್ನಡಿಗರ ಬೊಕ್ಕಸಕ್ಕೆ ಬಂದ ರಾಜಧನವೆಷ್ಟು? ಎಲ್ಲಕ್ಕಿಂತ ಮೇಲ್ತರದ ಗಟ್ಟಿ ಅದಿರಿಗೆ ಟನ್ನಿಗೆ 27 ರೂಪಾಯಿ! ಪುಡಿ ಅದಿರಿಗೆ ಇನ್ನೂ ಕಡಿಮೆ. ರೂಪಾಯಿಗೆ ಅರ್ಧ ಪೈಸೆಯೂ ಬೀಳಲಿಲ್ಲ. ಅಗೆದ ಖರ್ಚು, ಲಾರಿ ಬಾಡಿಗೆ, ಹಡಗಿನ ಬಾಡಿಗೆ ಎಲ್ಲವನ್ನೂ ಕಳೆಯಿರಿ. ಉಳಿದ ಗಂಟು ಯಾರ ಮನೆಗೆ ಹೋಯಿತು? ಈ ದರವನ್ನು ಬೆಲೆಯ ಶೇಕಡಾ 10ಕ್ಕೆ ತಿದ್ದಿದ್ದು 2009ರ ಆಗಸ್ಟಿನಲ್ಲಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆಯ ಬಾಗಿಲು ಹಾಕಿದರು.

ಇದು ಕಾಯಿದೆ ಪ್ರಕಾರ ಹೋದದ್ದರ ಮಾತು. ಕಾಯಿದೆ ತಪ್ಪಿಸಿ ಹೋದದ್ದರ ಲೆಕ್ಕವನ್ನು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು 2011ರ ಜುಲೈಯಲ್ಲಿ ಕೊಟ್ಟರು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಕಾಗದಪತ್ರ ಜಾಲಾಡಿ ತೆಗೆದ ಲೆಕ್ಕವದು. 2006ರಿಂದ 2010ರವರೆಗೆ ಪರವಾನಿಗೆಯಿಲ್ಲದೆ ಪರದೇಶಕ್ಕೆ ಹೋದ ಅದಿರು ಸುಮಾರು 2 ಕೋಟಿ 98 ಲಕ್ಷ ಟನ್; ಅದರ ಬೆಲೆ 12,228 ಕೋಟಿ ರೂಪಾಯಿ. ಒಂದು ಲಾರಿಗೆ 16 ಟನ್ ಹಿಡಿದರೂ ಹದಿನೆಂಟು ಲಕ್ಷ ಲಾರಿಗಿಂತ ಹೆಚ್ಚಾಯಿತು. ಅಮರಗೋಳದ ಮಾರುಕಟ್ಟೆಗೆ ರೈತನೊಬ್ಬ ನಾಲ್ಕು ಚೀಲ ಶೇಂಗಾ ತಂದರೆ ಚೀಟಿ ಕೇಳುವ ಸರಕಾರಕ್ಕೆ ಹದಿನೆಂಟು ಲಕ್ಷ ಲಾರಿ ಕಾಣಲಿಲ್ಲವಂತೆ! ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕಾದ ಒಟ್ಟು ಹಾನಿ 16,085 ಕೋಟಿ ರೂಪಾಯಿಯೆಂದು ಆ ವರದಿ ಎಣಿಸಿತು. ಹಸುಗೂಸಿನಿಂದ ಹಿಡಿದು ಮುದುಕರವರೆಗೆ ಅಂದಿನ ಕರ್ನಾಟಕದ ಪ್ರತಿಯೊಬ್ಬರ ತಲೆಗೆ 2,600 ರೂಪಾಯಿ.

ಬೇಲೆಕೇರಿಯ ಕಥೆ ಇನ್ನೂ ಘೋರವಾದದ್ದು. 2010ರ ಮಾರ್ಚಿನಲ್ಲಿ ಅಧಿಕಾರಿಗಳು ಆ ಬಂದರಿನಲ್ಲಿ ಸುಮಾರು 8 ಲಕ್ಷ ಟನ್ ಅದಿರನ್ನು ಜಪ್ತಿ ಮಾಡಿದರು. ಕೆಲವೇ ತಿಂಗಳಲ್ಲಿ ಜಪ್ತಿಯಾದ ಮಾಲಿನಲ್ಲಿ ಸುಮಾರು 5 ಲಕ್ಷ ಟನ್ ಹಡಗು ಹತ್ತಿ ಹೋಗಿಬಿಟ್ಟಿತು! ಕಳ್ಳರನ್ನು ಹಿಡಿಯುವ ಬದಲು ಜಪ್ತಿಗೆ ದುಡಿದ ಅರಣ್ಯಾಧಿಕಾರಿಯನ್ನೇ ಅಮಾನತು ಮಾಡಲು ಸರಕಾರ ಹೊರಟಿತು. ಅದರ ಮೇಲೆ ಲೋಕಾಯುಕ್ತರು ಜೂನಿನಲ್ಲಿ ರಾಜೀನಾಮೆ ಕೊಟ್ಟು, ಆಮೇಲೆ ಹಿಂತೆಗೆದುಕೊಂಡರು. ಆ ಪ್ರಕರಣಗಳಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯದ ತೀರ್ಪು ಬಂದದ್ದು 2024ರ ಅಕ್ಟೋಬರಿನಲ್ಲಿ, ಹದಿನಾಲ್ಕು ವರುಷಗಳ ಮೇಲೆ. ಕಾರವಾರದ ಶಾಸಕರೂ ಸೇರಿ ಹಲವರಿಗೆ 7 ವರುಷ ಸಜೆಯೆಂದಿತು. ಮರುತಿಂಗಳು ಹೈಕೋರ್ಟು ಆ ಸಜೆಯನ್ನು ಅಮಾನತಿನಲ್ಲಿಟ್ಟಿತು.

ಇದರಲ್ಲಿ ಯಾವ ಪಕ್ಷಕ್ಕೂ ಶುದ್ಧಹಸ್ತದ ಪ್ರಮಾಣಪತ್ರ ಕೊಡಲು ಬರುವಂತಿಲ್ಲ. ಸ್ವದೇಶಿಯ ಘೋಷಣೆ ಕೂಗುವ ಪಕ್ಷದ ಸರಕಾರದಲ್ಲಿ ಗಣಿಯ ಒಡೆಯರೇ ಮಂತ್ರಿಗಳಾಗಿ ಕುಳಿತರು. 2011ರಲ್ಲಿ ವರದಿ ಬಂದ ಮೇಲೆ ಆ ಪಕ್ಷದ ಮುಖ್ಯಮಂತ್ರಿ ಕುರ್ಚಿ ಬಿಡಬೇಕಾಯಿತು. 2010ರಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಮಾಡಿದ ಇನ್ನೊಂದು ಪಕ್ಷ ಅಧಿಕಾರಕ್ಕೆ ಬಂತು. ಬೇಲೆಕೇರಿಯ ತೀರ್ಪು ಬಂದಾಗ ಶಿಕ್ಷೆಗೆ ಗುರಿಯಾದ ಶಾಸಕರು ಅದೇ ಪಕ್ಷದವರಾಗಿದ್ದರು. ಇತ್ತ 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಬೀದಿಗೆ ಬಿದ್ದವರು ಯಾರು? ಗಣಿಯ ಕೂಲಿಕಾರ, ಲಾರಿಯ ಡ್ರೈವರ, ಕ್ಲೀನರ, ಸಾಲ ಮಾಡಿ ಒಂದು ಲಾರಿ ಕೊಂಡ ಬಡಪಾಯಿ, ರಸ್ತೆ ಬದಿಯ ಚಹದಂಗಡಿಯವನು. ಗಳಿಸಿದವರ ಬಂಗಲೆಯ ಒಂದು ಹಂಚೂ ಅಲುಗಲಿಲ್ಲ.

ಭದ್ರಾವತಿಗೆ ಅದಿರಿಲ್ಲ, ಚೀನಕ್ಕೆ ಉಂಟು

ಅದಿರು ಹೋದರೇನು, ನಮ್ಮಲ್ಲಿ ಅದನ್ನು ಕರಗಿಸುವವರಿಲ್ಲವಲ್ಲ ಎನ್ನುವ ಪಂಡಿತರಿದ್ದಾರೆ. ಅವರಿಗೆ ನಾವು ಎರಡು ಹೆಸರು ಹೇಳುತ್ತೇವೆ.

ಒಂದು, ಭದ್ರಾವತಿ. 1923ರಲ್ಲಿ ಉತ್ಪಾದನೆಗೆ ತೊಡಗಿದ, ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಉಕ್ಕಿನ ಕಾರಖಾನೆ. ಜನರ ಸೊತ್ತಾದ ಆ ಕಾರಖಾನೆ ಚಾಲೂ ಇರುವ ಸ್ವಂತ ಗಣಿಯೊಂದಿಲ್ಲದೆ ವರುಷಗಟ್ಟಲೆ ಸೊರಗಿತು. ಅದೇ ರಾಜ್ಯದ ಗುಡ್ಡಗಳು ಹಡಗು ಹತ್ತುತ್ತಿದ್ದಾಗ ಅದಕ್ಕೆ ಬೊಗಸೆ ಅದಿರು ಸಿಗಲಿಲ್ಲ. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾಮಗಾರರು ಧರಣಿ ಕೂತು ಹೋರಾಡಬೇಕಾಯಿತು.

ಎರಡು, ತೋರಣಗಲ್ಲು. 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಅಲ್ಲಿ ಸರಕಾರಿ ಉಕ್ಕಿನ ಕಾರಖಾನೆಗೆ ಅಡಿಗಲ್ಲು ಹಾಕಿದರು. ಕಲ್ಲು ಕಲ್ಲಾಗಿಯೇ ಉಳಿಯಿತು. ಕೊನೆಗೆ 1994ರ ಮೇಲೆ ಅಲ್ಲಿ ಎದ್ದದ್ದು ಜಿಂದಾಲರ ಖಾಸಗಿ ಕಾರಖಾನೆ. ಅಡಿಗಲ್ಲು ಹಾಕಿದಾಗಲೇ ಭಟ್ಟಿ ಎದ್ದಿದ್ದರೆ, ಚೀನದ ಬಾಯಿ ತೆರೆದಾಗ ನಾವು ಮಣ್ಣು ಮಾರುವ ಬದಲು ಉಕ್ಕು ಮಾರುತ್ತಿದ್ದೆವು.

ಬೆಳಗಾವಿಯ ಫೌಂಡ್ರಿಗಳೂ ನಮ್ಮ ಗೋಕುಲ ರಸ್ತೆಯ, ತಾರಿಹಾಳದ ಸಣ್ಣ ವರ್ಕಶಾಪುಗಳೂ ಕಬ್ಬಿಣವನ್ನೇ ನಂಬಿ ಬದುಕುವಂಥವು. ಚೀನದಲ್ಲಿ ಅದಿರಿನ ಧಾರಣೆ ಏರಿದರೆ ಇಲ್ಲಿ ಬೀಡಿನ ಬೆಲೆ ಏರುತ್ತದೆ. ಗುಡ್ಡ ನಮ್ಮದು, ಧೂಳು ನಮ್ಮದು, ಆದರೆ ಧಾರಣೆ ಮಾತ್ರ ಪರದೇಶದ್ದು! ಅದೇ ಅದಿರು ಮೋಟಾರಾಗಿ, ಪಂಪಾಗಿ, ಬೇರಿಂಗಾಗಿ ತಿರುಗಿ ಬಂದು ನಮ್ಮ ವರ್ಕಶಾಪಿನವನ ಹೊಟ್ಟೆಯ ಮೇಲೆ ಕೂಡುತ್ತದೆ.

ಹತ್ತಿಯ ಹಳೆಯ ಪಾಠ

ಈ ನಾಟಕವನ್ನು ಧಾರವಾಡ ಜಿಲ್ಲೆ ಮೊದಲೊಮ್ಮೆ ಕಂಡಿದೆ. ಆಗ ಚೀನದ ಜಾಗದಲ್ಲಿ ಲಂಕಾಶಾಯರ ಇತ್ತು. 1840ರ ದಶಕದಲ್ಲಿ ಇಂಗ್ಲಿಷರು ಅಮೇರಿಕದ ಹತ್ತಿಯ ಬೀಜ ತಂದು ನಮ್ಮ ಎರೆಹೊಲಗಳಲ್ಲಿ ಬಿತ್ತಿಸಿದರು. ಧಾರವಾಡ ಸೀಮೆಯ ದೇಶಿ ಹತ್ತಿ ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಪರದೇಶದ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರು ಬಿತ್ತು. ಬೆಳೆದವನ ಊರಿನ ಹೆಸರೂ ಉಳಿಯಲಿಲ್ಲ. ಹಡಗು ಹತ್ತಿಸಿದ ಊರಿನ ಹೆಸರು ನಿಂತಿತು.

ಹತ್ತಿಗೆ ಹತ್ತಿರದ ರೇವು ಬೇಕೆಂದು ಮ್ಯಾಂಚೆಸ್ಟರಿನ ಗಿರಣಿ ಮಾಲಿಕರು ಒತ್ತಾಯ ಮಾಡಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ ಇಲಾಖೆಯಿಂದ ಕಿತ್ತು ಮುಂಬಯಿ ಇಲಾಖೆಗೆ ಜೋಡಿಸಿದರು. ಕಾರವಾರದ ಬಂದರಿನ ಮೇಲಿನ ಈ ಕಣ್ಣು ಅದಕ್ಕೆ ಒಂದು ಮುಖ್ಯ ಕಾರಣ. ಕನ್ನಡಿಗರ ಜಿಲ್ಲೆಯ ಗಡಿಯನ್ನು ಸಮುದ್ರದಾಚೆಯ ವ್ಯಾಪಾರಿಗಳು ತಿದ್ದಿಸಿದರು.

1861ರಿಂದ 1865ರವರೆಗೆ ಅಮೇರಿಕದಲ್ಲಿ ಒಳಯುದ್ಧ ನಡೆಯಿತು. ಅಲ್ಲಿಯ ಹತ್ತಿ ನಿಂತಿತು, ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಜೋಳದ ಹೊಲದಲ್ಲಿ ಹತ್ತಿ ನಿಂತಿತು, ಸಾಲ ಸಲೀಸಾಗಿ ಸಿಕ್ಕಿತು. ಯುದ್ಧ ಮುಗಿದ ಕೂಡಲೆ ಧಾರಣೆ ಕುಸಿಯಿತು. ಸಾವುಕಾರನ ಸಾಲ ಮಾತ್ರ ಕುಸಿಯಲಿಲ್ಲ. ಹತ್ತು-ಹನ್ನೊಂದು ವರುಷಗಳಲ್ಲಿ, 1876-78ರ ದೊಡ್ಡ ಬರ ಬಂದಾಗ ಧಾರವಾಡ, ಬಳ್ಳಾರಿ ಸೀಮೆಯ ಜನ ಹುಳುಗಳಂತೆ ಸತ್ತರು. ಬರದ ಹೆಸರಿನಲ್ಲಿಯೇ ಆಮೇಲೆ ರೈಲು ಹಾಕಿದರು. ಆ ರೈಲು ಹತ್ತಿಯನ್ನು ಹೊತ್ತೊಯ್ದಿತು, ಲಂಕಾಶಾಯರದ ಬಟ್ಟೆಯನ್ನು ಹೊತ್ತುತಂದಿತು.

ಪಾಠ ಇಷ್ಟೇ. ಕಚ್ಚಾ ಮಾಲು ಮಾರಿ ಪಕ್ಕಾ ಮಾಲು ಕೊಳ್ಳುವ ನಾಡು, ಯಜಮಾನ ಬದಲಾದರೂ ಜೀತ ಬಿಡುವುದಿಲ್ಲ. ಅಂದು ಹತ್ತಿ ಹೋಗಿ ಸೀರೆ ಬಂತು. ನಮ್ಮ ಕಾಲದಲ್ಲಿ ಅದಿರು ಹೋಗಿ ಯಂತ್ರ ಬಂತು.

ರೇಷ್ಮೆಗೆ ಪೆಟ್ಟು, ಧ್ವಜಕ್ಕೂ ಪೆಟ್ಟು

ಈಗ ದಿಲ್ಲಿಯ ದೇಶಭಕ್ತಿಯನ್ನು ನೋಡೋಣ. 2011ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದರು. ಚೀನದ ರೇಷ್ಮೆ ನುಗ್ಗಿತು. ರಾಮನಗರ, ಶಿಡ್ಲಘಟ್ಟದ ಪೇಟೆಯಲ್ಲಿ ಗೂಡಿನ ಧಾರಣೆ ನೆಲಕ್ಕೆ ಬಿತ್ತು. ರೈತರೂ ನೂಲು ಬಿಚ್ಚುವವರೂ ಬೀದಿಗಿಳಿದ ಮೇಲೆ ಸುಂಕವನ್ನು ಮತ್ತೆ ಏರಿಸಬೇಕಾಯಿತು. ಅದು ಆ ಪಕ್ಷದ ಕಾಲ.

ಈ ಪಕ್ಷದ ಕಾಲದ್ದು ನಮ್ಮ ಬೆಂಗೇರಿಯದೇ ಕಥೆ. ಅಲ್ಲಿಯ ಖಾದಿ ಸಂಘದ ಹೆಣ್ಣುಮಕ್ಕಳು ಹೊಲಿದ ರಾಷ್ಟ್ರಧ್ವಜ ದೇಶದ ತುಂಬ ಹಾರುತ್ತದೆ. ಗರಗ, ತುಳಸಿಗೇರಿಯ ಕೈಮಗ್ಗದ ಬಟ್ಟೆ ಅದಕ್ಕೆ ಬರುತ್ತದೆ. 2021ರ ಡಿಸೆಂಬರ 30ರಂದು ಧ್ವಜ ಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ ಧ್ವಜವೂ ನಡೆಯುತ್ತದೆಂದರು. ಮುಂದಿನ ಆಗಸ್ಟಿನಲ್ಲಿ ಮನೆಮನೆಗೆ ಧ್ವಜವೆಂದು ಅಬ್ಬರಿಸಿದರು. ಲೋಕದಲ್ಲಿ ಎಲ್ಲರಿಗಿಂತ ಹೆಚ್ಚು ಪಾಲಿಯೆಸ್ಟರ ಮಾಡುವ ದೇಶ ಯಾವುದು? ಚೀನ! ಬೆಂಗೇರಿಯ ಖಾದಿಯವರು ಧರಣಿ ಕೂತು ತಮ್ಮ ಅನ್ನ ಉಳಿಸಿಕೊಡಿರೆಂದು ಕೇಳಬೇಕಾಯಿತು. ದೀಪದ ಸರ ಮಾರುವವನಿಗೆ ಸ್ವದೇಶಿ ಬೋಧಿಸುವವರು ರಾಷ್ಟ್ರಧ್ವಜದಿಂದಲೇ ಖಾದಿಯನ್ನು ಕಳಚಲು ಹೊರಟರು.

2020ರ ಜೂನ 15ರಂದು ಗಲ್ವಾನದಲ್ಲಿ ನಮ್ಮ 20 ಸೈನಿಕರು ಪ್ರಾಣ ಕೊಟ್ಟರು. ಅವರಿಗೆ ನಾವು ತಲೆಬಾಗುತ್ತೇವೆ. ದಿಲ್ಲಿ ಆಗ ಏನು ಮಾಡಿತು? ಮೊಬೈಲಿನ 59 ಆ್ಯಪುಗಳನ್ನು ನಿಷೇಧಿಸಿ ಡಂಗುರ ಹೊಡೆಯಿತು. 2019-20ರಲ್ಲಿ ಚೀನದಿಂದ ಬಂದ ಮಾಲು ಸುಮಾರು 65 ಶತಕೋಟಿ ಡಾಲರಿನದು. 2024-25ರಲ್ಲಿ ಅದು 113 ಶತಕೋಟಿ! ನಾವು ಮಾರಿದ್ದು ಬರೀ 14 ಶತಕೋಟಿ. ಎಂಟು ರೂಪಾಯಿಯ ಮಾಲು ಕೊಂಡರೆ ಒಂದು ರೂಪಾಯಿಯ ಮಾಲು ಮಾರುತ್ತೇವೆ. ಈ 113 ಶತಕೋಟಿಯಲ್ಲಿ ದೀಪದ ಸರದ ಪಾಲು ಎಷ್ಟಿದ್ದೀತು? ಅದರಲ್ಲಿ ಹೆಚ್ಚಿನದು ದೊಡ್ಡ ಕಂಪನಿಗಳು ತರಿಸುವ ವಿದ್ಯುನ್ಮಾನ ಬಿಡಿಭಾಗ, ಯಂತ್ರ, ರಸಾಯನ, ಔಷಧಿಯ ಕಚ್ಚಾ ಮಾಲು. ಅವರ ಕಾರಖಾನೆಯ ಬಾಗಿಲಿಗೆ ಹೋಗಿ ಯಾರೂ ಉಪದೇಶ ಮಾಡುವುದಿಲ್ಲ.

ಅತ್ತ ಅಮೇರಿಕವನ್ನು ನಂಬಿದವರ ಗತಿಯೂ ಕಂಡಿತು. 2025ರ ಆಗಸ್ಟ 27ರಂದು ಆ ಸ್ನೇಹಿತರು ನಮ್ಮ ಮಾಲಿನ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿದರು. ಅದೇ ವಾರದ ಕೊನೆಗೆ ನಮ್ಮ ಪ್ರಧಾನಿ ಚೀನದ ತ್ಯಾಂಜಿನದಲ್ಲಿ ಕೈ ಕುಲುಕುತ್ತಿದ್ದರು. ದೊಡ್ಡವರು ಬೈದಾಡಿದರೂ ಕೈ ಕುಲುಕಿದರೂ ಲುಕಸಾನಿನ ಬಾಬತ್ತು ಮಾತ್ರ ಕಾಮಗಾರನ ಹೆಸರಿಗೆ ಜಮೆಯಾಗುತ್ತದೆ.

ನಾವು ಕೇಳುವುದು

ನೆರೆಯವರೊಡನೆ ವ್ಯಾಪಾರವೇ ಬೇಡವೆಂದು ನಾವು ಹೇಳುವುದಿಲ್ಲ. ಏಶಿಯಾ ಖಂಡದ ಎರಡು ದೊಡ್ಡ ನಾಡುಗಳು ಕೊಟ್ಟು-ತೆಗೆದುಕೊಳ್ಳದೆ ಬದುಕಲಾರವು. ಆದರೆ ಗುಡ್ಡ ಕೊಟ್ಟು ಗೊಂಬೆ ತರುವುದಕ್ಕೆ ವ್ಯಾಪಾರವೆನ್ನಲು ನಾವು ಸಿದ್ಧರಿಲ್ಲ. ನಮ್ಮ ಬೇಡಿಕೆಗಳು ಇವು:

1. ಕರ್ನಾಟಕದ ಅದಿರು ಕರ್ನಾಟಕದಲ್ಲಿಯೇ ಉಕ್ಕಾಗಬೇಕು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ರಫ್ತಿನ ಮೇಲಿನ ತಡೆ ತೆಗೆದಿದೆ. ಕಡಿಮೆ ತರದ ಅದಿರಿನ ಮೇಲಿನ ರಫ್ತು ಸುಂಕವನ್ನು ಅದೇ ನವೆಂಬರಿನಲ್ಲಿ ದಿಲ್ಲಿ ತೆಗೆದುಹಾಕಿದೆ. ಹಳೆಯ ನಾಟಕ ಮತ್ತೆ ಆರಂಭವಾಗುವ ಮೊದಲು ಸುಂಕ ಹೇರಬೇಕು. ಭದ್ರಾವತಿಗೆ ಸ್ವಂತ ಗಣಿ ನಡೆಸಿಕೊಡಬೇಕು.

2. ಲೋಕಾಯುಕ್ತರು ಎಣಿಸಿದ ಹಾನಿಯನ್ನು ತಿಂದವರಿಂದ ವಸೂಲು ಮಾಡಬೇಕು. ಬೇಲೆಕೇರಿಯ ಮೇಲ್ಮನವಿಗಳು ಇನ್ನೊಂದು ಹದಿನಾಲ್ಕು ವರುಷ ನರಳಬಾರದು.

3. ಯಾವ ಮಾಲಿನ ಆಮದು ಸುಂಕವನ್ನೂ ಇಳಿಸುವ ಮೊದಲು ಆ ಉದ್ದಿಮೆಯ ಕಾಮಗಾರರ, ಸಣ್ಣ ಉತ್ಪಾದಕರ ಮಾತನ್ನು ಬಹಿರಂಗವಾಗಿ ಕೇಳಬೇಕು.

4. ರಾಷ್ಟ್ರಧ್ವಜ ಖಾದಿಯದೇ ಆಗಿರಬೇಕು.

5. ಹುಬ್ಬಳ್ಳಿ-ಅಂಕೋಲೆ ರೈಲು ಮಂಜೂರಾಗಿ ಇಪ್ಪತ್ತೈದು ವರುಷ ದಾಟಿದವು. ಆ ಹಾದಿ ಆಗುವುದಾದರೆ ಅದು ಕಾಡು ಕಡಿದು ಅದಿರು ಸಾಗಿಸುವ ಹಾದಿಯಾಗಬಾರದು. ಜನರೂ ರೈತನ ಮಾಲೂ ಸಣ್ಣ ವರ್ಕಶಾಪಿನ ಮಾಲೂ ಹೋಗುವ ಹಾದಿಯಾಗಬೇಕು.

6. ದೀಪದ ಸರವನ್ನೂ ಆಟಿಗೆ ಸಾಮಾನನ್ನೂ ಹುಬ್ಬಳ್ಳಿಯಲ್ಲಿಯೇ ಮಾಡಲು ಮುಂದೆ ಬರುವವರಿಗೆ ಕಡಿಮೆ ಬಡ್ಡಿಯ ಸಾಲ, ಶೆಡ್ಡು, ವಿದ್ಯುತ್ತು ಕೊಡಬೇಕು. ಅದಾದ ಮೇಲೆ ಸ್ವದೇಶಿಯ ಉಪದೇಶ ಮಾಡಿರಿ. ನಾವೂ ಕೈ ಜೋಡಿಸುತ್ತೇವೆ.

ಗಿರಣಿ ಚಾಳದ ಬಂಧುಗಳೇ, ಪೇಟೆಯ ಸಣ್ಣ ವ್ಯಾಪಾರಿ ಬಂಧುಗಳೇ! ನಿಮ್ಮಿಬ್ಬರನ್ನೂ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವ ಆಟ ನಡೆದಿದೆ. ಅಂಗಡಿಯವನು ಚೀನದ ಮಾಲು ಮಾರಿದ್ದರಿಂದ ಗಿರಣಿ ಮುಚ್ಚಿತೆಂದು ಕಾಮಗಾರನಿಗೆ ಹೇಳುತ್ತಾರೆ. ಕಾಮಗಾರ ಪಗಾರ ಹೆಚ್ಚು ಕೇಳಿದ್ದರಿಂದ ದೇಶಿ ಮಾಲು ತುಟ್ಟಿಯಾಯಿತೆಂದು ಅಂಗಡಿಯವನಿಗೆ ಹೇಳುತ್ತಾರೆ. ಎರಡೂ ಸುಳ್ಳು. ಕಾಮಗಾರನ ಕೈಯಲ್ಲಿ ಪಗಾರವಿದ್ದರೆ ಅಂಗಡಿಯವನ ಗಲ್ಲೆ ತುಂಬುತ್ತದೆ. ಅಂಗಡಿಯವನು ನೆಮ್ಮದಿಯಿಂದಿದ್ದರೆ ಕಾಮಗಾರನಿಗೆ ತಿಂಗಳ ಕೊನೆಗೆ ಉದ್ರಿ ಸಿಗುತ್ತದೆ.

ಬರುವ ದೀಪಾವಳಿಗೆ ಯಾರಾದರೂ ನಿಮ್ಮ ತಳ್ಳುಗಾಡಿಯ ಮುಂದೆ ನಿಂತು ದೇಶಭಕ್ತಿಯ ಲೆಕ್ಕ ಕೇಳಿದರೆ, ಹೆದರಬೇಡಿರಿ, ಜಗಳವನ್ನೂ ಆಡಬೇಡಿರಿ. ಒಂದೇ ಮಾತು ಕೇಳಿರಿ: ಹದಿನೆಂಟು ಲಕ್ಷ ಲಾರಿ ಅದಿರಿನ ಲೆಕ್ಕ ಎಲ್ಲಿ?